ಎಲ್ಲ ಮೊಬೈಲಿನಲ್ಲಿದೆಯೇ?

ಔರಾದ್ ತಾಲೂಕಿನ ನಮ್ಮ ಚಿಂತಾಕಿಯಲ್ಲಿ ಚಾಚಾನ ಮನೆಯ ಡೆಕ್ಕು ಕಳೆದ ವರ್ಷ ಗುಜರಿಗೆ ಹೋಯಿತು. ಜೋಡಿ ಸ್ಪೀಕರುಗಳೂ ತೂಕಕ್ಕೆ ಬಿದ್ದವು. ‘ಅಬ್ಬಾ, ಮೊಬೈಲಿನ್ಯಾಗ ಎಲ್ಲಾ ಅದಲ್ಲ’ ಎಂದನಂತೆ ಮಗ.

ಎಲ್ಲ ಇದೆಯೇ? ಸ್ಟೀರಿಯೊ ಎಂದರೆ ಜೋರು ಸದ್ದಲ್ಲ. ಎರಡು ಸ್ಪೀಕರುಗಳನ್ನು ಅಂತರ ಬಿಟ್ಟಿಟ್ಟರೆ ತಬಲಾ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ, ಖವ್ವಾಲ ನಡುವೆ ಕೂತಂತೆ ಕೇಳುತ್ತದೆ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇದಕ್ಕಾಗಿಯೇ. ಅಂಗೈಯಗಲದ ಅಗ್ಗದ ಬ್ಲೂಟೂತ್ ಡಬ್ಬಿ ಆ ಎಡಬಲಗಳನ್ನು ಕಲಸಿ ಮುದ್ದೆ ಮಾಡುತ್ತದೆ. ಇಯರ್‌ಫೋನಿನಲ್ಲಿ ಎಡಬಲ ಉಂಟು, ಪಕ್ಕದವರಿಲ್ಲ.

ಹಳೆಯದೆಲ್ಲ ಚಿನ್ನವೆಂದು ನಾನೇನೂ ಹೇಳುತ್ತಿಲ್ಲ. ಆ ಡೆಕ್ಕಿನ ಗುಂಡಿ ಮುಟ್ಟುವ ಹಕ್ಕು ಚಾಚಾನೊಬ್ಬನದು. ಇಂದು ಚಾಚಿ ತನಗೆ ಬೇಕಾದ್ದನ್ನು ತಾನೇ ಹಾಕಿಕೊಂಡು ಕೇಳುತ್ತಾಳೆ, ಕೇಳಲಿ. ಆದರೆ ಅಂದು ಪರದೆಯೊಳಗಿನ ಚಾಚಿಗೂ ಕಟ್ಟೆಯ ಮೇಲಿನ ನೆರೆಯ ಲಿಂಗಾಯತ ಅಜ್ಜನಿಗೂ ಒಂದೇ ಹಾಡು ಕೇಳುತ್ತಿತ್ತು.

ಡೆಕ್ಕಿಗೆ ಕೆಂಪು ಗುಂಡಿಯೊಂದಿತ್ತು, ರೆಕಾರ್ಡಿಂಗಿನದು. ಫೂಫಿಯ ಮದುವೆಯಲ್ಲಿ ದಾದಿ ಹಾಡಿದ ಢೋಲಕ್ ಗೀತೆಗಳನ್ನು ಚಾಚಾ ಅದರಲ್ಲೇ ತುಂಬಿಕೊಂಡಿದ್ದ. ಆ ಹಾಡುಗಳು ಯಾವ ಆಪಿನಲ್ಲಿವೆ? ಕ್ಯಾಸೆಟ್ಟು ಟ್ರಂಕಿನಲ್ಲಿದೆ. ಅದನ್ನು ಕೇಳಲೆಂದು ಬೀದರಿನ ರಿಪೇರಿ ಅಂಗಡಿಗಳಲ್ಲಿ ಹಳೆಯ ಟೇಪು ಹುಡುಕುತ್ತಿದ್ದೇನೆ.