ಅಟ್ಟದ ಗಂಟು, ರದ್ದಿ ಅಂಗಡಿ (ಭಾಗ 3)

ಟ್ರಂಕಿನ ತಳದಲ್ಲಿ ಹಳೇ ಕಾಗದದ ಕಟ್ಟು ಸಿಕ್ತು. ಯಾರದ್ದೋ ಏನೋ, ಅಕ್ಷರ ಓದೋಕಾಗಲ್ಲ. ನೀವೇನ್ ಮಾಡ್ತೀರಿ? ಒಂದು ರೀಲ್, ಆಮೇಲೆ ರದ್ದಿ. ನಮಗೆ ಓದೋಕೆ ಬರದಿರೋದು ಕಾಗದದ ತಪ್ಪಾ?

ಧಾರವಾಡ, ಬೆಳಗಾವಿ ಕಡೆಯದಾದ್ರೆ ಮೋಡಿ ಲಿಪಿ ಇರಬಹುದು. ಕರಾವಳಿಯ ಓಲೆಗರಿಯಾದ್ರೆ ತಿಗಳಾರಿ. ಎರಡನ್ನೂ ಓದೋರು ಇವತ್ತಿಗೂ ಇದ್ದಾರೆ. ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟ ಓಲೆಗರಿ ಕಟ್ಟನ್ನ 1905ರಲ್ಲಿ ಶಾಮಾಶಾಸ್ತ್ರಿಗಳು ಬಿಡಿಸಿ ಓದಿದ್ರೆ, ಕೌಟಿಲ್ಯನ ಅರ್ಥಶಾಸ್ತ್ರ! ಅವರೂ ರದ್ದಿಗೆ ಹಾಕಿದ್ರೆ?

ನಿಮ್ಮನೇಲಿ ಕೌಟಿಲ್ಯ ಸಿಗಲ್ಲ, ಬಿಡಿ. ಮುತ್ತಜ್ಜಿ ಒಡವೆ ಅಡ ಇಟ್ಟ ಚೀಟಿ ಸಿಗಬಹುದು. ಅದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ ಮಾರಾಯ್ರೇ, ಕಾಗದ ಹಾಳಾಗುತ್ತೆ. ನೆರಳಲ್ಲಿಟ್ಟು ಫೋಟೋ ತೆಗೀರಿ. ಯಾವ ಟ್ರಂಕು, ಯಾರ ಕೋಣೆ, ಬರೆದಿಡಿ. ಅಜ್ಜಿ ಇದ್ದಾಗಲೇ ಕೇಳಿ.