ಆಕಾಶದಿಂದ ಬರುವ ‘ಟಿಕ್ ಟಿಕ್’ ಸಂಕೇತ ಅನ್ಯಗ್ರಹ ಜೀವಿಗಳದ್ದೇ?

“ಬಾಹ್ಯಾಕಾಶದಿಂದ ಗಡಿಯಾರದಂತೆ ತಪ್ಪದೆ ಸಂಕೇತ ಬರುತ್ತಿದೆ, ಯಾರೋ ನಮ್ಮನ್ನು ಕರೆಯುತ್ತಿದ್ದಾರೆ!” ಇಂಥ ಸಂದೇಶ, ಜೊತೆಗೊಂದು ಆಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಸಂಕೇತ ನಿಜ. ಕರೆಯುವವರು ಮಾತ್ರ ಯಾರೂ ಇಲ್ಲ.

ಸಂಕೇತ ಬರುವುದು ಎಲ್ಲಿಂದ?

ದೊಡ್ಡ ನಕ್ಷತ್ರವೊಂದು ಸ್ಫೋಟಿಸಿದಾಗ ಅದರ ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗಬಹುದು. ತೂಕ ಸೂರ್ಯನಿಗಿಂತ ಹೆಚ್ಚು, ಅಗಲ ಸುಮಾರು 20–25 ಕಿ.ಮೀ. ಅದು ತಿರುಗುವಾಗ ರೇಡಿಯೊ ಕಿರಣ ದೀಪಸ್ತಂಭದ ಬೆಳಕಿನಂತೆ ನಮ್ಮತ್ತ ಬೀಸಿ ಹೋಗುತ್ತದೆ. ಇದೇ ಪಲ್ಸಾರ್. 1967ರಲ್ಲಿ ಜೋಸೆಲಿನ್ ಬೆಲ್ ಮೊದಲನೆಯದನ್ನು ಕಂಡಾಗ ಅದಕ್ಕೆ ತಮಾಷೆಗೆ ‘ಪುಟ್ಟ ಹಸಿರು ಮನುಷ್ಯರು’ ಎಂದು ಹೆಸರಿಟ್ಟಿದ್ದರು. ಆಕಾಶದ ಬೇರೆ ದಿಕ್ಕಿನಲ್ಲೂ ಅಂಥದ್ದೇ ಸಿಕ್ಕಾಗ ಆ ಅನುಮಾನ ಹೋಯಿತು.

ಅಷ್ಟು ವೇಗ ಹೇಗೆ?

ತಲೆಕೆಳಗಾಗಿಸಿದ ಸೈಕಲ್‌ನ ಚಕ್ರವನ್ನು ಕೈಯಿಂದ ತಟ್ಟುತ್ತಿದ್ದರೆ ವೇಗ ಏರುತ್ತದಲ್ಲವೇ? ಹಾಗೆಯೇ ಜೊತೆಗಾರ ನಕ್ಷತ್ರದ ಅನಿಲ ಮೇಲೆ ಬೀಳುತ್ತಾ ಪಲ್ಸಾರ್‌ನ ವೇಗ ಏರಿಸುತ್ತದೆ. ಈವರೆಗೆ ಕಂಡ ಅತಿ ವೇಗದ ಪಲ್ಸಾರ್ ಸೆಕೆಂಡಿಗೆ 716 ಸುತ್ತು ತಿರುಗುತ್ತದೆ. ಇದು ಮನೆಯ ಮಿಕ್ಸಿಯ ಸುಮಾರು ಎರಡು ಪಟ್ಟು ವೇಗ. ಅದಕ್ಕೂ ಜೊತೆಗಾರ ನಕ್ಷತ್ರವಿದೆ.

ಹುಡುಕುವುದು ಏಕೆ ಕಷ್ಟ?

ಒಂದೊಂದು ಮಿಡಿತವೂ ತೀರಾ ಕ್ಷೀಣ. ಸಮಾನ ಅಂತರದಲ್ಲಿ ಬರುವ ಸಾವಿರಾರು ಮಿಡಿತಗಳನ್ನು ಕಂಪ್ಯೂಟರ್ ಒಂದರ ಮೇಲೊಂದು ಕೂಡಿಸಿದರಷ್ಟೇ ಸಂಕೇತ ಎದ್ದು ಕಾಣುತ್ತದೆ. ಆದರೆ ಜೋಡಿಯಲ್ಲಿರುವ ಪಲ್ಸಾರ್ ಒಮ್ಮೆ ನಮ್ಮತ್ತ, ಒಮ್ಮೆ ಆಚೆಗೆ ಚಲಿಸುತ್ತಿರುತ್ತದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ, ದೂರ ಹೋಗುವಾಗ ದಪ್ಪಗೆ ಕೇಳಿಸುವಂತೆ, ಇಲ್ಲಿ ಮಿಡಿತಗಳ ಅಂತರ ಬದಲಾಗುತ್ತದೆ. ಕೂಡಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ವಿಜ್ಞಾನಿಗಳು ‘ಹೀಗೆ ಚಲಿಸಿದ್ದರೆ?’, ‘ಹಾಗೆ ಚಲಿಸಿದ್ದರೆ?’ ಎಂದು ಸಾವಿರಾರು ಊಹೆಗಳನ್ನು ಲೆಕ್ಕ ಹಾಕಿ ನೋಡುತ್ತಾರೆ.

ನಮ್ಮ ದೇಶದಲ್ಲೂ ಈ ಹುಡುಕಾಟವಿದೆ. ಪುಣೆ ಸಮೀಪದ ಖೋಡದ್‌ನಲ್ಲಿ ತಲಾ 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ ದೂರದರ್ಶಕವಿದೆ. ಫರ್ಮಿ ಉಪಗ್ರಹ ಗುರುತಿಸಿದ್ದ ಗಾಮಾ ಕಿರಣದ ತಾಣವೊಂದರಲ್ಲಿ ಅದು ಕಂಡ ಪಲ್ಸಾರ್‌ನ ವಿವರ 2013ರಲ್ಲಿ ಪ್ರಕಟವಾಯಿತು. ಅದು ಸುಮಾರು 2.16 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಜೋಡಿಯ ಒಂದು ಪ್ರದಕ್ಷಿಣೆಗೆ 2.9 ಗಂಟೆ ಸಾಕು. ಜೊತೆಗಾರನಿಂದ ಹೊಮ್ಮಿದ ಅನಿಲ ಅಡ್ಡ ಬಂದಾಗ ಸಂಕೇತ ಮರೆಯಾಗಿ ಮತ್ತೆ ಬರುತ್ತದೆ. ‘ಸಂಕೇತ ನಿಂತಿತು, ಮತ್ತೆ ಬಂತು’ ಎಂದರೆ ಯಾರೋ ಸ್ವಿಚ್ ಒತ್ತಿದರು ಎಂದಲ್ಲ, ಗ್ರಹಣ ಹಿಡಿದು ಬಿಟ್ಟಿತು ಎಂದಷ್ಟೇ.

ಹಾಗಾದರೆ ಆ ಆಡಿಯೊ?

ರೇಡಿಯೊ ತರಂಗ ಶಬ್ದವಲ್ಲ. ಮಿಡಿತಗಳ ದಾಖಲೆಯನ್ನು ಕಂಪ್ಯೂಟರ್‌ನಲ್ಲಿ ಶಬ್ದಕ್ಕೆ ಪರಿವರ್ತಿಸಿರುತ್ತಾರೆ, ಅಷ್ಟೇ.

ಸಾರಾಂಶ: ಕ್ರಮ ತಪ್ಪದೆ ಬಂದ ಮಾತ್ರಕ್ಕೆ ಯಾವುದೂ ಸಂದೇಶವಾಗುವುದಿಲ್ಲ. ಮಿಡಿತಗಳ ಏರಿಳಿತ ಎರಡು ನಕ್ಷತ್ರಗಳ ಸುತ್ತಾಟಕ್ಕೆ ಲೆಕ್ಕ ಹಾಕಿದಂತೆ ಹೊಂದುತ್ತದೆಯೇ ಎಂದು ನೋಡುವುದೇ ನಿಜವಾದ ಪರೀಕ್ಷೆ. ಕುತೂಹಲವಿದ್ದರೆ ನೀವೂ ಕೈಜೋಡಿಸಬಹುದು. ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆ ಸ್ವಯಂಸೇವಕರ ಕಂಪ್ಯೂಟರ್‌ಗಳ ಬಿಡುವಿನ ಹೊತ್ತು ಬಳಸಿ ಪಲ್ಸಾರ್ ಹುಡುಕುತ್ತದೆ. 2010ರಲ್ಲಿ ಅದು ಹೊಸ ಪಲ್ಸಾರ್ ಒಂದನ್ನು ಕಂಡದ್ದೂ ಜನಸಾಮಾನ್ಯರ ಕಂಪ್ಯೂಟರ್‌ಗಳಲ್ಲೇ.