ಪರರ ಲಾಯದಲ್ಲಿ ತುರಿಕೆಯ ಕುದುರೆ

ಇಂಗ್ಲೆಂಡ್ ದೇಶದಲ್ಲಿ ಕುದುರೆಯನ್ನು ಸಾಕುವವರೆಲ್ಲರಿಗೂ ಸ್ವಂತ ಲಾಯವಾಗಲಿ ಹುಲ್ಲುಗಾವಲಾಗಲಿ ಇರುವುದಿಲ್ಲ. ಅಂಥವರು ಗೊತ್ತಾದ ಹಣವನ್ನು ತೆತ್ತು ತಮ್ಮ ಕುದುರೆಯನ್ನು ಪರರ ಲಾಯದಲ್ಲಿ ಇರಿಸುವರು. ಇಂಥ ಲಾಯಕ್ಕೆ ಅಲ್ಲಿ 'ಲಿವರಿ ಯಾರ್ಡ್' ಎಂದು ಹೆಸರು. ಮೇವು, ಮಾಲೀಸು, ಲಾಯದ ಶುದ್ಧಿ ಎಲ್ಲವನ್ನೂ ಲಾಯದವರೇ ನೋಡಿಕೊಳ್ಳುವ ಪೂರ್ಣ ಪದ್ಧತಿಯೊಂದು. ಸ್ಥಳವನ್ನು ಮಾತ್ರ ಕೊಟ್ಟು ಉಳಿದ ಕೆಲಸವನ್ನೆಲ್ಲ ಒಡೆಯನಿಗೇ ಬಿಡುವ ಪದ್ಧತಿ ಇನ್ನೊಂದು. ಇವೆರಡರ ನಡುವಣ ಏರ್ಪಾಡುಗಳೂ ಉಂಟು. ಕುದುರೆಯು ಆರೋಗ್ಯವಾಗಿರುವವರೆಗೆ ಈ ಭೇದವು ಬಹುಮಟ್ಟಿಗೆ ಹಣದ ಲೆಕ್ಕವೇ ಸರಿ. ಅದಕ್ಕೆ ಚರ್ಮದ ಅಲರ್ಜಿ ಇದ್ದರೆ, ಆ ಭೇದದ ಮೇಲೆಯೇ ಅದರ ಸುಖದುಃಖಗಳು ನಿಂತಿರುವುವು.

ಈ ಅಲರ್ಜಿಗಳಲ್ಲಿ ಪ್ರಸಿದ್ಧವಾದುದನ್ನು ಅಲ್ಲಿಯ ಜನರು 'ಸ್ವೀಟ್ ಇಚ್' ಎನ್ನುವರು. ಹೆಸರಿನಲ್ಲಿ ಸಿಹಿಯಿದ್ದರೂ ಅನುಭವದಲ್ಲಿ ಕಹಿಯೇ. ಕ್ಯುಲಿಕಾಯ್ಡಿಸ್ ಎಂಬ ಕುಲದ ಅತಿ ಸಣ್ಣ ನೊರಜುಗಳು ಇದಕ್ಕೆ ಮೂಲ. ಹೆಣ್ಣು ನೊರಜು ರಕ್ತವನ್ನು ಹೀರುವಾಗ ಅದರ ಜೊಲ್ಲು ಚರ್ಮದೊಳಕ್ಕೆ ಸೇರುವುದು. ಕೆಲವು ಕುದುರೆಗಳ ದೇಹವು ಆ ಜೊಲ್ಲಿನ ಅಂಶಗಳನ್ನು ಮಹಾಶತ್ರುವೆಂದು ಬಗೆದು ಮಿತಿಮೀರಿ ಪ್ರತಿಭಟಿಸುವುದು. ಆಗ ಹುಟ್ಟುವ ತುರಿಕೆಯನ್ನು ತಾಳಲಾರದೆ ಬಡಪ್ರಾಣಿಯು ಅಯಾಲನ್ನೂ ಬಾಲದ ಬುಡವನ್ನೂ ಬೇಲಿಗೂ ಮರಕ್ಕೂ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಕುದುರೆಗಳಲ್ಲಿಯೂ ಈ ಬೇನೆಗೆ ನೊರಜೇ ಕಾರಣವೆಂಬುದನ್ನು ರೀಕ್ ಎಂಬ ಪಂಡಿತರು 1950ರ ದಶಕದಲ್ಲಿ ತೋರಿಸಿಕೊಟ್ಟರು.

ಐಸ್‌ಲ್ಯಾಂಡಿನ ಕುದುರೆಗಳ ಕಥೆ ಇನ್ನೂ ಬೋಧಪ್ರದವಾದುದು. ಆ ದ್ವೀಪದಲ್ಲಿ ಈ ಬೇನೆಯಿಲ್ಲ. ಅಲ್ಲಿ ಹುಟ್ಟಿ ಬೆಳೆದ ಕುದುರೆಯನ್ನು ನೊರಜುಗಳಿರುವ ಪರದೇಶಕ್ಕೆ ಒಯ್ದು ರಕ್ಷಣೆಯಿಲ್ಲದೆ ಬಿಟ್ಟರೆ ಅದಕ್ಕೆ ತುರಿಕೆ ತಗಲುವ ಸಂಭವವು ಬಹಳ ಹೆಚ್ಚು. ಅದೇ ತಳಿಯ ಮರಿಯು ಪರದೇಶದಲ್ಲಿಯೇ ಹುಟ್ಟಿದರೆ ಸಂಭವವು ಬಹಳ ಕಡಿಮೆ. ಒಮ್ಮೆ ಹೊರಹೋದ ಕುದುರೆಯನ್ನು ಐಸ್‌ಲ್ಯಾಂಡಿಗೆ ಮರಳಿ ತರಲು ಕಾನೂನು ಬಿಡದಾದುದರಿಂದ, ತವರಿಗೆ ಕಳುಹಿಸಿ ಗುಣಪಡಿಸುವ ಮಾರ್ಗವೂ ಮುಚ್ಚಿದೆ.

ಕೂದಲುದುರಿದ ಕುದುರೆಯನ್ನು ಕಂಡೊಡನೆ ನೆರೆಯ ಕುದುರೆಯ ಒಡೆಯರು "ನಮ್ಮದಕ್ಕೂ ಅಂಟೀತು" ಎಂದು ಅಂಜುವುದು ಸಹಜ. ನೊರಜಿನ ಅಲರ್ಜಿಯು ಅಂಟುವ ರೋಗವಲ್ಲ. ಆದರೆ ಹೇನು, ಕಜ್ಜಿಯ ಹುಳು ಮತ್ತು ಹುಳುಕಡ್ಡಿಗಳು ಅಂಟತಕ್ಕವು. ಆದಕಾರಣ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರ ಅಭಿಪ್ರಾಯವನ್ನು ಲಾಯದವರಿಗೆ ತಿಳಿಸತಕ್ಕದ್ದು. ಬೇನೆಯನ್ನು ಮುಚ್ಚಿಟ್ಟು ಸ್ಥಳ ಹಿಡಿಯುವುದು ಸರಿಯಲ್ಲ. ಪರೀಕ್ಷಿಸದೆ ಪ್ರಾಣಿಯನ್ನು ಹೊರದೂಡುವುದೂ ಸರಿಯಲ್ಲ.

ನೊರಜುಗಳು ಕೆಸರಿನಲ್ಲಿಯೂ ಕೊಳೆತ ಎಲೆಗಳಲ್ಲಿಯೂ ಹುಟ್ಟುವುವು; ಮುಂಜಾವದಲ್ಲಿಯೂ ಮುಸ್ಸಂಜೆಯಲ್ಲಿಯೂ ಹೆಚ್ಚಾಗಿ ಕಡಿಯುವುವು; ಗಾಳಿ ಬೀಸಿದರೆ ಹಾರಲಾರವು. ಉಪಾಯವೆಲ್ಲ ಇದರಲ್ಲಿಯೇ ಅಡಗಿದೆ. ಕೆರೆಕುಂಟೆಗಳಿಂದ ದೂರವಾದ, ಗಾಳಿಯಾಡುವ ಎತ್ತರದ ಹುಲ್ಲುಗಾವಲನ್ನು ಆರಿಸಬೇಕು. ಸಂಜೆಗೆ ಮುಂಚೆ ಕುದುರೆಯನ್ನು ಒಳತಂದು, ಹೊತ್ತು ಚೆನ್ನಾಗಿ ಏರಿದ ಮೇಲೆ ಬಿಡಬೇಕು. ಲಾಯದಲ್ಲಿ ಬೀಸಣಿಗೆಯ ಯಂತ್ರವಿದ್ದರೆ ಉತ್ತಮ. ಕತ್ತು, ಹೊಟ್ಟೆ, ಬಾಲದ ಬುಡಗಳನ್ನು ಮುಚ್ಚುವ ಹೊದಿಕೆಯನ್ನು ತುರಿಕೆ ಹತ್ತುವುದಕ್ಕೆ ಮುನ್ನ, ವಸಂತಾರಂಭದಲ್ಲಿಯೇ ತೊಡಿಸಬೇಕು. ಇಂಗ್ಲೆಂಡಿನಲ್ಲಿ ಈ ಕಾಟವು ಸುಮಾರು ಏಪ್ರಿಲಿನಿಂದ ಅಕ್ಟೋಬರಿನವರೆಗೆ ಇರುವುದು. ಪರ್ಮೆಥ್ರಿನ್ ಸೇರಿದ ಕೀಟನಾಶಕವನ್ನು ಹಚ್ಚುವವರು ಲಾಯದ ಬೆಕ್ಕನ್ನು ಮರೆಯಬಾರದು. ಬೆಕ್ಕಿಗೆ ಅದು ಪ್ರಾಣಾಂತಿಕ ವಿಷವಾಗಬಲ್ಲುದು.

ಈಗ ವಾಚಕರು ವಿಚಾರಿಸಲಿ. ಕೆಲಸ ಮುಗಿಸಿ ಒಡೆಯನು ಲಾಯಕ್ಕೆ ಬರುವಷ್ಟರಲ್ಲಿ ಸಂಜೆ ಕಳೆದಿದ್ದರೆ, ನೊರಜುಗಳ ಊಟವೂ ಮುಗಿದಿರುವುದು. ಆದುದರಿಂದ ಸಂಜೆ ಕುದುರೆಯನ್ನು ಒಳತರುವವರು ಯಾರು, ಹೊದಿಕೆ ಹರಿದರೆ ಹೊಲಿಸುವವರು ಯಾರು, ಹೆಚ್ಚಿನ ಶ್ರಮಕ್ಕೆ ಹಣವೆಷ್ಟು ಎಂಬುದನ್ನು ಮೊದಲೇ ಬರೆದಿಡುವುದು ಒಳ್ಳೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2006ರ ಪ್ರಾಣಿಕ್ಷೇಮದ ಕಾನೂನು ತಾತ್ಕಾಲಿಕವಾಗಿ ಪ್ರಾಣಿಯನ್ನು ವಹಿಸಿಕೊಂಡವರನ್ನೂ ಹೊಣೆಗಾರರೆಂದು ಎಣಿಸುವುದು. ಆದರೂ ಒಡೆಯನ ಹೊಣೆಯು ಎಂದಿಗೂ ತಪ್ಪದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಈ ಬೇನೆಯನ್ನು ಬುಡಸಹಿತ ಕೀಳುವ ಮದ್ದು ಇಲ್ಲ, ಕಾಪಾಡುವುದೇ ಮದ್ದು. ನೊರಜಿನ ಊಟದ ಹೊತ್ತನ್ನು ಅರಿತ ಒಡೆಯನೂ, ಮಾತನ್ನು ಮೊದಲೇ ಆಡಿ ಮುಗಿಸಿದ ಲಾಯದವನೂ ಕೂಡಿದರೆ, ಬಾಯಿಲ್ಲದ ಪ್ರಾಣಿಯು ಬೇಸಗೆಯನ್ನು ಬೇಲಿಗೆ ಮೈ ಉಜ್ಜುತ್ತ ಕಳೆಯದೆ ನೆಮ್ಮದಿಯಾಗಿ ಹುಲ್ಲು ಮೇಯುವುದು.